ಹೊಸ ಟರ್ಬೊ ಗಾಡಿ, 800 ಕಿ.ಮೀ.ಗೇ ಆಯಿಲ್ ಕಡಿಮೆ! ಇಂಜಿನ್ ಹೋಯ್ತಾ?

ತೊಗರಿಹೊಲ (ಕಲಬುರಗಿ): ಗಾಡಿ ತಗೊಂಡು ಮೂರು ವಾರ ಆಯ್ತು. ನಿನ್ನೆ ಹುಮನಾಬಾದಿನಿಂದ ಬಂದು ಮನೆ ಮುಂದೆ ನಿಲ್ಲಿಸಿ, ಆಯಿಲ್ ಅಳೆಯುವ ಕಡ್ಡಿ ಡಿಪ್‌ಸ್ಟಿಕ್ ಎಳೆದೆ. ಆಯಿಲ್ ಕೆಳಗಿನ ಗುರುತಿನ ಹತ್ತಿರ ಇದೆ! ಸೋರಿಕೆ ಇಲ್ಲ, ಹೊಗೆಯೂ ಇಲ್ಲ. ಶೋರೂಮಿಗೆ ಫೋನ್ ಮಾಡಿದರೆ ‘ಮೊದಲ ಸರ್ವಿಸಿಗೆ ತನ್ನಿ’ ಅಂದು ಇಟ್ಟುಬಿಟ್ಟರು. ಅಪ್ಪ ತೊಗರಿ ಮಾರಿದ ದುಡ್ಡಲ್ಲಿ ಕೊಡಿಸಿದ ಗಾಡಿ ರೀ. ರಾತ್ರಿಯೆಲ್ಲ ನಿದ್ದೆ ಇಲ್ಲ.

ಬೀದರ್_ಸವಾರ: ಒಂದೇ ಸ್ಪೀಡಲ್ಲಿ ಓಡಿಸಿದ್ದೀರಿ ಅನಿಸುತ್ತೆ. ಪಿಸ್ಟನ್ ಸುತ್ತಲಿನ ರಿಂಗ್ ಇನ್ನೂ ಕೂತಿಲ್ಲ. ಸಿಲಿಂಡರ್ ಗೋಡೆ ಮೇಲೆ ಸಣ್ಣ ಗೀರುಗಳಿರುತ್ತವೆ, ರಿಂಗ್ ಅದಕ್ಕೆ ಉಜ್ಜಿ ಹೊಂದಿಕೊಳ್ಳಬೇಕು. ಅದಕ್ಕೆ ಲೋಡ್ ಬೇಕು, ಅಂದರೆ ಇಂಜಿನ್ ಸ್ವಲ್ಪ ದುಡಿಯಬೇಕು. ಸ್ಪೀಡ್ ಏರಿಸಿ ಇಳಿಸಿ ಓಡಿಸಿ, ಫುಲ್ ಥ್ರಾಟಲ್ ಮಾತ್ರ ಬೇಡ. ರಿಂಗ್ ಕೂರುವ ತನಕ ಸ್ವಲ್ಪ ಆಯಿಲ್ ಕುಡಿಯುತ್ತೆ.

ಹಳೇಮೇಸ್ತ್ರಿ (ಯಾದಗಿರಿ): 1000 ಕಿ.ಮೀ. ತನಕ 60 ದಾಟಲೇಬಾರದು. ಟಾಪ್ ಗೇರ್ ಹಾಕಿ ಸುಮ್ನೆ ನಿಧಾನ ಹೋಗಿ. ಅಂಬಾಸಿಡರ್ ಕಾಲದಿಂದ ನಾನು ಹೇಳೋದು ಇದೇ.

ಬೀದರ್_ಸವಾರ: ಕಾಕಾ, ಇದು ಅಂಬಾಸಿಡರ್ ಅಲ್ಲ. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲ್ ನೇರ ಸಿಲಿಂಡರಿಗೇ ಚಿಮ್ಮುವ) ಟರ್ಬೊ ಪೆಟ್ರೋಲ್ ಇಂಜಿನ್ನಿನಲ್ಲಿ ಕಡಿಮೆ ಆರ್‌ಪಿಎಂಗೆ ದೊಡ್ಡ ಗೇರ್ ಹಾಕಿ ಒತ್ತಿದರೆ ಸ್ಪಾರ್ಕಿಗೆ ಮುಂಚೆಯೇ ಸಿಲಿಂಡರಿನೊಳಗೆ ಪೆಟ್ರೋಲ್ ಹೊತ್ತಿಕೊಳ್ಳಬಹುದು. ಪಿಸ್ಟನ್ನೇ ಒಡೆಯಬಹುದು.

ಹಳೇಮೇಸ್ತ್ರಿ: ಒತ್ತು ಅಂತ ಎಲ್ಲಿ ಹೇಳಿದೆ? ನಿಧಾನ ಅಂದೆ. ಮತ್ತೆ ಆಫ್ ಮಾಡುವ ಮುಂಚೆ ಟರ್ಬೊ ತಣ್ಣಗಾಗಲು ಐದು ನಿಮಿಷ ನಿಂತಲ್ಲೇ ಐಡಲ್ ಬಿಡಬೇಕು.

ಬೀದರ್_ಸವಾರ: ಐದು ಜಾಸ್ತಿ ಆಯ್ತು. ಟರ್ಬೊ ಒಳಗಿನ ಟರ್ಬೈನ್ ಚಕ್ರ ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತೆ, ಬಿಸಿ ನಿಜ. ಹೈವೇಯಿಂದ ಬಂದು ತಕ್ಷಣ ನಿಲ್ಲಿಸಿದರೆ ಒಂದು ನಿಮಿಷ ಬಿಡಿ. ರಿಂಗ್ ರೋಡಿನಿಂದ ಮನೆಗೆ ನಿಧಾನ ಬಂದರೆ ಅದೂ ಬೇಡ.

ಬೂಸ್ಟ್_ಭಾಲ್ಕಿ: ನಾನು ಗಾಡಿಯ ಕಂಪ್ಯೂಟರಿನಿಂದ ಮಾಹಿತಿ ಓದುವ ಓಬಿಡಿ ಅಡಾಪ್ಟರ್ ಹಾಕಿದ್ದೀನಿ. ಬೂಸ್ಟ್ (ಟರ್ಬೊ ಗಾಳಿಯ ಒತ್ತಡ), ಕೂಲಂಟ್ ಬಿಸಿ ಎಲ್ಲ ಫೋನಲ್ಲೇ ಕಾಣುತ್ತೆ. ಡ್ಯಾಶ್‌ಕ್ಯಾಮ್ ಮುಂದೆ ಹಿಂದೆ ಎರಡೂ ಇದೆ. ಮುಂದಿನ ತಿಂಗಳು ಟೈರ್ ಬದಲಿಸ್ತೀನಿ.

ಸೇಡಂ_ರಸ್ತೆ: ಟೈರ್ ಬಿಡಿ ಅಣ್ಣ. ತೊಗರಿಹೊಲ, ಗಾಡಿ ಪೆಟ್ರೋಲಾ? ಸಮತಟ್ಟಾದ ಜಾಗದಲ್ಲಿ ನೋಡಿದ್ರಾ? ಆಫ್ ಮಾಡಿ ಎಷ್ಟು ಹೊತ್ತಿಗೆ?

ತೊಗರಿಹೊಲ: ಪೆಟ್ರೋಲ್. ಆಫ್ ಮಾಡಿದ ಕೂಡಲೇ ನೋಡಿದೆ. ಮನೆ ಮುಂದೆ ಇಳಿಜಾರು ಇದೆ. ಇದೆಲ್ಲ ಹೇಳಬೇಕು ಅಂತ ಹೊಳೆಯಲಿಲ್ಲ.

ಸೇಡಂ_ರಸ್ತೆ: ಆಗ ಆಯಿಲ್ ಇನ್ನೂ ಇಂಜಿನ್ ಮೇಲ್ಭಾಗದ ಹೆಡ್‌ನಲ್ಲೇ ಇರುತ್ತೆ, ಕಡಿಮೆ ತೋರಿಸುತ್ತೆ. ಇಳಿಜಾರಿನಲ್ಲಂತೂ ಅಳತೆ ಸರಿ ಬರಲ್ಲ. ಹತ್ತು ನಿಮಿಷ ಬಿಟ್ಟು, ಕಡ್ಡಿ ಒರೆಸಿ, ಪೂರ್ತಿ ಒಳಗೆ ಹಾಕಿ ಮತ್ತೆ ಎಳೆಯಿರಿ.

ತೊಗರಿಹೊಲ: ಇವತ್ತು ಬೆಳಿಗ್ಗೆ ಪೆಟ್ರೋಲ್ ಬಂಕಿನ ಕಾಂಕ್ರೀಟ್ ಮೇಲೆ ನಿಲ್ಲಿಸಿ ನೋಡಿದೆ. ಅಪ್ಪನ ಹಳೇ ಪಂಚೆ ತುಂಡಲ್ಲಿ ಒರೆಸಿ ಎರಡು ಸಲ ಎಳೆದೆ. ಎರಡು ಗುರುತಿನ ನಡುವೆ, ಅರ್ಧಕ್ಕಿಂತ ಒಂದು ಕೂದಲು ಕೆಳಗೆ. ಬಣ್ಣ ಇನ್ನೂ ಜೇನಿನ ಹಾಗೇ ಇದೆ. ಜೀವ ಬಂದ ಹಾಗಾಯ್ತು ಸರ್.

ಬೀದರ್_ಸವಾರ: ಆದರೂ ಅರ್ಧಕ್ಕಿಂತ ಕೆಳಗೆ ಅಂದರೆ ಸ್ವಲ್ಪ ಕುಡಿದಿರಬಹುದು. ರಿಂಗ್ ವಿಷಯ ಬಿಡಬೇಡಿ. ಕಡ್ಡಿ ಫೋಟೋ ತೆಗೆದಿಡಿ.

ತೊಗರಿಹೊಲ: ತೆಗೆದಿದ್ದೀನಿ. ಭಾನುವಾರ ಬೀದರಿಗೆ ಹೋಗಿ ಬಂದರೆ ಸಾವಿರ ದಾಟುತ್ತೆ. ಅದೇ ಬಂಕಲ್ಲಿ, ಅದೇ ಜಾಗದಲ್ಲಿ ನೋಡಿ ಹಾಕ್ತೀನಿ.

ಹಳೇಮೇಸ್ತ್ರಿ: ಹುಷಾರಾಗಿ ಹೋಗಿ ಬಾ ತಮ್ಮಾ. ಬಿಸಿಲು ಏರುವ ಮುಂಚೆ ಹೊರಡು.

ಕಪ್ಪುಮಣ್ಣು: ಭಾಲ್ಕಿ ಅಣ್ಣ, ಆ ಅಡಾಪ್ಟರ್ ಎಷ್ಟಕ್ಕೆ ಸಿಕ್ತು?