ಐಬಿ, ರಾ, ಎನ್‌ಟಿಆರ್‌ಒ, ಎನ್‌ಐಎ: ಎಲ್ಲಕ್ಕೂ ಒಬ್ಬರೇ ಬಾಸ್ ಇದ್ದರೆ ಆಗಲ್ವಾ?

ಓದುತ್ತಿರುವವ: ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ನಮ್ಮ ಗುಪ್ತಚರ, ತನಿಖಾ ಸಂಸ್ಥೆಗಳು ಎಷ್ಟೊಂದು! ಒಳನಾಡಿಗೆ ಐಬಿ, ಹೊರದೇಶಕ್ಕೆ ರಾ, ಸೇನೆಗೆ ಡಿಐಎ, ತಾಂತ್ರಿಕ ಮಾಹಿತಿಗೆ ಎನ್‌ಟಿಆರ್‌ಒ, ಭಯೋತ್ಪಾದನೆ ಕೇಸಿಗೆ ಎನ್‌ಐಎ. ದೊಡ್ಡ ದಾಳಿಯಾದರೆ ಪಟ್ಟಿಗೆ ಇನ್ನೊಂದು ಸೇರುತ್ತದೆ. ಎಲ್ಲವನ್ನೂ ಒಬ್ಬರ ಕೆಳಗೆ ತರಲು ಏನು ಅಡ್ಡಿ?

ಹಳೇ ಡಿಎಸ್‌ಬಿ: ಪೊಲೀಸ್ ಇಲಾಖೆಯ ಜಿಲ್ಲಾ ವಿಶೇಷ ಶಾಖೆಯಲ್ಲಿದ್ದು (ಡಿಎಸ್‌ಬಿ) ನಿವೃತ್ತನಾದವನು ನಾನು. ಕೆಳಗಿನಿಂದ ಕಂಡದ್ದು ಹೇಳುತ್ತೇನೆ.

ಒಳಗೂ ಹೊರಗೂ ಐಬಿಯೇ ನೋಡಿಕೊಳ್ಳುತ್ತಿದ್ದ ಕಾಲವೂ ಇತ್ತಲ್ಲ. 1962 ಮತ್ತು 1965ರ ಯುದ್ಧಗಳಲ್ಲಿ ಹೊರಗಿನ ಸುದ್ದಿ ಸಾಲದೆ ಪೆಟ್ಟು ತಿಂದ ಮೇಲೆ 1968ರಲ್ಲಿ ರಾ ಬೇರೆಯಾಯಿತು. ಕಾರ್ಗಿಲ್ ಆದ ಮೇಲೆ ಕೆ. ಸುಬ್ರಹ್ಮಣ್ಯಂ ಸಮಿತಿ, ಅದರ ಹಿಂದೆಯೇ ಮಂತ್ರಿಗಳ ಗುಂಪಿನ ವರದಿ. ಡಿಐಎ, ಎನ್‌ಟಿಆರ್‌ಒ, ಮ್ಯಾಕ್ ಎಲ್ಲ ಆಗ ಬಂದವು. ಮ್ಯಾಕ್ ಅಂದರೆ ಎಲ್ಲರೂ ತಮ್ಮ ಮಾಹಿತಿ ತಂದು ಹಂಚಿಕೊಳ್ಳಬೇಕಾದ ಜಾಗ. ಇರುವುದು ಐಬಿಯಲ್ಲೇ. ಆದರೂ 2008ರಲ್ಲಿ ಮುಂಬೈ ದಾಳಿ ಆಯಿತು. ಸಮುದ್ರದ ಕಡೆಯಿಂದ ಬರಬಹುದು ಎಂಬ ಎಚ್ಚರಿಕೆ ಮೊದಲೇ ಬಂದಿತ್ತು!

ನಮಗೆ ಬರುತ್ತಿದ್ದ ಅಲರ್ಟ್ ಹೀಗಿರುತ್ತಿತ್ತು: 'ಹಬ್ಬದ ಸಂದರ್ಭದಲ್ಲಿ ಜನಸಂದಣಿ ಇರುವ ಕಡೆ ದುಷ್ಕರ್ಮಿಗಳು ತೊಂದರೆ ಮಾಡುವ ಸಾಧ್ಯತೆ ಇದ್ದು, ಸೂಕ್ತ ಕ್ರಮ ಕೈಗೊಳ್ಳುವುದು.' ಯಾವ ಊರು? ಯಾರು? ಏನೂ ಇಲ್ಲ. ಅದನ್ನೇ ಇನ್ನೊಮ್ಮೆ ಟೈಪ್ ಮಾಡಿಸಿ ಠಾಣೆಗಳಿಗೆ ಕಳಿಸುತ್ತಿದ್ದೆವು. ಅವರು ಬಸ್ ಸ್ಟ್ಯಾಂಡಿಗೆ ಇಬ್ಬರು ಪಿಸಿಗಳನ್ನು ಹಾಕಿ 'ಕ್ರಮ ಕೈಗೊಳ್ಳಲಾಗಿದೆ' ಎಂದು ಬರೆಯುತ್ತಿದ್ದರು. ಕಡತ ಮುಗಿಯಿತು. ಇತ್ತ ನಾವು ಹೆಸರು, ವಿಳಾಸ ಸಮೇತ ಮೇಲೆ ಕಳಿಸಿದ್ದು ಏನಾಯಿತು ಅಂತ ಒಂದು ಸಾಲಿನ ಉತ್ತರವೂ ಬರುತ್ತಿರಲಿಲ್ಲ. ಹೊಸ ಸಾಹೇಬರು ಬಂದರೆ ಆ ಕಾಗದದ ಮೇಲೆ ಒಂದು ಸಹಿ ಜಾಸ್ತಿಯಾಗುತ್ತದೆ, ಅಷ್ಟೇ.

ಕರಿ ಕೋಟು: ಸರ್, ಕಾನೂನಿನ ಕಡೆಯೂ ನೋಡಬೇಕು. 2012ರಲ್ಲಿ ಎನ್‌ಸಿಟಿಸಿ, ಅಂದರೆ ರಾಷ್ಟ್ರೀಯ ಭಯೋತ್ಪಾದನಾ ನಿಗ್ರಹ ಕೇಂದ್ರ, ಮಾಡಲು ಹೊರಟರು. ಐಬಿಯ ಒಳಗೇ ಇದ್ದು ಬಂಧಿಸುವ, ಶೋಧಿಸುವ ಅಧಿಕಾರ. ಪೊಲೀಸ್ ಇಲಾಖೆ ರಾಜ್ಯದ ವಿಷಯ ಅಲ್ವಾ? ಮಮತಾ, ನವೀನ್ ಪಟ್ನಾಯಕ್, ಜಯಲಲಿತಾ, ಆಗ ಗುಜರಾತ್ ಮುಖ್ಯಮಂತ್ರಿಯಾಗಿದ್ದ ಮೋದಿ, ಎಲ್ಲರೂ ಬೇಡ ಎಂದರು. ಅಲ್ಲಿಗೇ ನಿಂತಿತು. ಎನ್‌ಐಎಗೆ 2008ರ ಕಾಯ್ದೆ ಇದೆ. ಐಬಿ, ರಾಗೆ ಅಂಥ ಕಾಯ್ದೆಯೇ ಇಲ್ಲ. 2011ರಲ್ಲಿ ಕಾಂಗ್ರೆಸ್ ಸಂಸದ ಮನೀಶ್ ತಿವಾರಿ ಅದಕ್ಕಾಗಿ ಖಾಸಗಿ ಮಸೂದೆ ತಂದಿದ್ದರು, ಮುಂದೆ ಹೋಗಲಿಲ್ಲ.

ಓದುತ್ತಿರುವವ: ಅಮೆರಿಕದಲ್ಲಿ ಡಿಎನ್‌ಐ, ಅಂದರೆ ರಾಷ್ಟ್ರೀಯ ಗುಪ್ತಚರ ನಿರ್ದೇಶಕರು, ಇದ್ದಾರಲ್ಲ?

ಹಳೇ ಡಿಎಸ್‌ಬಿ: ಇದ್ದಾರೆ, 2004ರ ಕಾನೂನಿನಿಂದ ಬಂದ ಹುದ್ದೆ. ಸಿಐಎ, ಎಫ್‌ಬಿಐ ಏನೂ ಕರಗಿ ಹೋಗಲಿಲ್ಲ. ಪೆಂಟಗನ್ ತನ್ನ ಸಂಸ್ಥೆಗಳ ಹಿಡಿತವನ್ನೂ ಬಿಡಲಿಲ್ಲ. ಉತ್ತರದಲ್ಲಿ 'ಒಬ್ಬರೇ ಬಾಸ್' ಅಂತ ಬರೆಯುವುದಾದರೆ, ಅವರ ಕೈಯಲ್ಲಿ ಬಜೆಟ್ಟು, ವರ್ಗಾವಣೆ ಎರಡೂ ಇರುತ್ತವಾ ಅನ್ನುವುದನ್ನೂ ಬರೆಯಪ್ಪ.