ದೀರ್ಘಕಾಲಿಕ ಮೈಗ್ರೇನ್: ಹಳೆಯ ಔಷಧಗಳು ಸೋತ ಮೇಲಷ್ಟೇ ಹೊಸದು ಎಂಬ ನಿಯಮ ಸರಿಯೇ?

ನರವಿಜ್ಞಾನ ವಿದ್ಯಾರ್ಥಿನಿ:
ತಿಂಗಳಿಗೆ 15 ಅಥವಾ ಅದಕ್ಕಿಂತ ಹೆಚ್ಚು ದಿನ ತಲೆನೋವಿದ್ದು, ಅವುಗಳಲ್ಲಿ ಕನಿಷ್ಠ 8 ದಿನ ಮೈಗ್ರೇನ್ ಲಕ್ಷಣಗಳು ಕಂಡುಬಂದು, ಈ ಸ್ಥಿತಿ 3 ತಿಂಗಳು ಮೀರಿ ಮುಂದುವರಿದರೆ ಅದನ್ನು ದೀರ್ಘಕಾಲಿಕ ಮೈಗ್ರೇನ್ ಎಂದು ಗುರುತಿಸುತ್ತಾರೆ. ಇಂಥವರಿಗೆ ನೋವು ಬಂದಾಗ ನುಂಗುವ ಮಾತ್ರೆ ಸಾಲದು, ನೋವು ಬಾರದಂತೆ ತಡೆಯುವ ಔಷಧವೂ ಬೇಕು. ಅದಕ್ಕಾಗಿ ದಶಕಗಳಿಂದ ಬಳಕೆಯಲ್ಲಿರುವ ಪ್ರೊಪ್ರನೊಲಾಲ್ ಹೃದ್ರೋಗಕ್ಕೆ, ಅಮಿಟ್ರಿಪ್ಟಿಲಿನ್ ಖಿನ್ನತೆಗೆ, ಟೋಪಿರಾಮೇಟ್ ಅಪಸ್ಮಾರಕ್ಕೆ ಬಂದ ಔಷಧಗಳು. ಇದಕ್ಕೆ ಭಿನ್ನವಾಗಿ, ಮೈಗ್ರೇನ್ ದಾಳಿಯ ವೇಳೆ ನರತುದಿಗಳಿಂದ ಬಿಡುಗಡೆಯಾಗುವ ಸಿಜಿಆರ್‌ಪಿ ಎಂಬ ಪೆಪ್ಟೈಡ್‌ನ ಕೆಲಸವನ್ನು ತಡೆಯಲೆಂದೇ ರೂಪಿಸಿದ ಎರೆನುಮ್ಯಾಬ್ ಎಂಬ ಪ್ರತಿಕಾಯಕ್ಕೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದರ ಹಿಂದೆಯೇ ಅದೇ ಗುಂಪಿನ ಇತರ ಔಷಧಗಳೂ ಬಂದವು. ಈ ಗುಂಪನ್ನು ಮೊದಲ ಆಯ್ಕೆಗಳಲ್ಲಿಯೇ ಪರಿಗಣಿಸಬಹುದೆಂದು ಅಮೆರಿಕನ್ ಹೆಡೇಕ್ ಸೊಸೈಟಿ 2024ರಲ್ಲಿ ಹೇಳಿತು. ಆದರೂ ಅನೇಕ ಆರೋಗ್ಯ ವ್ಯವಸ್ಥೆಗಳು ಮತ್ತು ವಿಮಾ ಸಂಸ್ಥೆಗಳು ಎರಡು ಮೂರು ಹಳೆಯ ಔಷಧಗಳು ಫಲ ಕೊಡದಿದ್ದರೆ ಮಾತ್ರ ಇವಕ್ಕೆ ಒಪ್ಪಿಗೆ ಕೊಡುತ್ತವೆ. ಪ್ರತಿಯೊಂದನ್ನೂ ನಿಧಾನವಾಗಿ ಏರಿಸಿ ಫಲ ನೋಡಲು ಎರಡು ತಿಂಗಳಾದರೂ ಹಿಡಿಯುವಾಗ, ಈ ನಿಯಮವನ್ನು ಸಮರ್ಥಿಸಿಕೊಳ್ಳಲು ಸಾಧ್ಯವೇ?

ಸಂಖ್ಯಾಶಾಸ್ತ್ರ ಬೋಧಕ:
ಸಾಧ್ಯ ಎಂದು ನನ್ನ ಅಭಿಪ್ರಾಯ. 667 ಮಂದಿ ದೀರ್ಘಕಾಲಿಕ ಮೈಗ್ರೇನ್ ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಎರೆನುಮ್ಯಾಬ್ ಪ್ರಯೋಗವನ್ನೇ ನೋಡೋಣ. ಔಷಧ ಪಡೆದವರಲ್ಲಿ ತಿಂಗಳಿಗೆ 6.6 ಮೈಗ್ರೇನ್ ದಿನಗಳು ಕಡಿಮೆಯಾದವು, ಪ್ಲಸೀಬೊ, ಅಂದರೆ ಔಷಧಾಂಶವಿಲ್ಲದ ಹುಸಿ ಮದ್ದು, ಪಡೆದವರಲ್ಲೂ 4.2 ದಿನಗಳು ಕಡಿಮೆಯಾದವು. ಅಂದರೆ ಔಷಧದ್ದೇ ಆದ ಕೊಡುಗೆ ಸರಾಸರಿ ಎರಡೂವರೆ ದಿನದಷ್ಟು. ದುಬಾರಿಯಾದ ಚಿಕಿತ್ಸೆಯೊಂದನ್ನು ಎಲ್ಲರಿಗೂ ಮೊದಲೇ ಕೊಡಲು ಇಷ್ಟು ಸಾಕೇ?

ಟೋಪಿರಾಮೇಟ್ ಬಿಟ್ಟವಳು:
ಬೋಧಕರೇ, ಸರಾಸರಿಯ ಎರಡೂವರೆ ದಿನ ಎಲ್ಲ ರೋಗಿಗಳಿಗೂ ಸಮವಾಗಿ ಹಂಚಿಕೆಯಾಗುವುದಿಲ್ಲ. ಅದೇ ಪ್ರಯೋಗದಲ್ಲಿ ಮೈಗ್ರೇನ್ ದಿನಗಳು ಅರ್ಧಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದವರು ಹೆಚ್ಚಿನ ಪ್ರಮಾಣದ ಔಷಧ ಪಡೆದವರಲ್ಲಿ ಶೇ. 41, ಪ್ಲಸೀಬೊ ಗುಂಪಿನಲ್ಲಿ ಶೇ. 23. ಆರು ಮಂದಿಗೆ ಔಷಧ ಕೊಟ್ಟರೆ ಅವರಲ್ಲಿ ಸುಮಾರು ಒಬ್ಬರಿಗೆ, ಔಷಧವಿಲ್ಲದಿದ್ದರೆ ಸಿಗದಿದ್ದ ಅರ್ಧದಷ್ಟು ಮೈಗ್ರೇನ್ ದಿನಗಳ ಬದುಕು ಮರಳಿ ಸಿಗಬಹುದು ಎಂದು ನಾನು ಓದಿಕೊಳ್ಳುತ್ತೇನೆ. ಇನ್ನೊಂದು ಬದಿಯ ಲೆಕ್ಕವನ್ನೂ ದಯವಿಟ್ಟು ಇಡಿ. ಟೋಪಿರಾಮೇಟ್ ಸೇವಿಸುತ್ತಿದ್ದಾಗ ನನಗೆ ಮಾತಿನ ನಡುವೆ ಪರಿಚಿತ ಪದಗಳೇ ಸಿಗುತ್ತಿರಲಿಲ್ಲ. ಪಾಠ ಮಾಡುವುದು ನನ್ನ ಜೀವನೋಪಾಯವಾದ್ದರಿಂದ ತಲೆನೋವಿಗಿಂತ ಅದೇ ಹೆಚ್ಚು ಹೆದರಿಸಿತು. ಇದು ನನ್ನೊಬ್ಬಳ ಕಥೆಯಲ್ಲ. ಜರ್ಮನಿಯಲ್ಲಿ ಎರೆನುಮ್ಯಾಬ್ ಮತ್ತು ಟೋಪಿರಾಮೇಟ್‌ಗಳನ್ನು ನೇರವಾಗಿ ಹೋಲಿಸಿದ ಹರ್‌ಮೆಸ್ ಪ್ರಯೋಗದಲ್ಲಿ ಅಡ್ಡಪರಿಣಾಮಗಳ ಕಾರಣದಿಂದ ಚಿಕಿತ್ಸೆ ಬಿಟ್ಟವರು ಮೊದಲನೆಯದರಲ್ಲಿ ಶೇ. 10.6, ಎರಡನೆಯದರಲ್ಲಿ ಶೇ. 38.9.

ಸಂಖ್ಯಾಶಾಸ್ತ್ರ ಬೋಧಕ:
ತಮ್ಮ ಲೆಕ್ಕ ಸರಿಯಾಗಿದೆ, ಅದನ್ನು ಒಪ್ಪುತ್ತೇನೆ. ಆದರೆ ಹರ್‌ಮೆಸ್‌ಗೆ ಹಣ ನೀಡಿದ್ದು ಎರೆನುಮ್ಯಾಬ್ ಮಾರುವ ನೊವಾರ್ಟಿಸ್ ಕಂಪನಿ, ಮತ್ತು ಹೋಲಿಕೆಗೆ ಆರಿಸಿಕೊಂಡದ್ದು ಸಹಿಸಲು ಕಷ್ಟವೆಂದು ಮೊದಲೇ ಗೊತ್ತಿದ್ದ ಔಷಧ. ಟೋಪಿರಾಮೇಟ್ ಎದುರು ಗೆದ್ದ ಮಾತ್ರಕ್ಕೆ ಪ್ರೊಪ್ರನೊಲಾಲ್ ಎದುರೂ ಗೆದ್ದಂತಾಗುವುದಿಲ್ಲ.

ತಲೆನೋವು ಚಿಕಿತ್ಸಾಲಯದ ವೈದ್ಯೆ:
ಇಬ್ಬರೂ ಮುಟ್ಟದ ಒಂದು ವಿಷಯವಿದೆ. ಮೈಗ್ರೇನ್ ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು ಮೂರು ಪಟ್ಟು ಹೆಚ್ಚು, ಅದೂ ಮಕ್ಕಳನ್ನು ಹೆರುವ ವಯಸ್ಸಿನಲ್ಲಿ. ಟೋಪಿರಾಮೇಟ್ ಭ್ರೂಣಕ್ಕೆ ಹಾನಿ ಮಾಡುತ್ತದೆ ಎಂಬ ಕಾರಣಕ್ಕೆ ಯುರೋಪಿನಲ್ಲಿ 2023ರಲ್ಲಿ ಅದರ ಮೇಲೆ ಕಟ್ಟುನಿಟ್ಟಿನ ನಿರ್ಬಂಧಗಳು ಬಂದವು. ಅಪಸ್ಮಾರದ ಇನ್ನೊಂದು ಔಷಧವಾದ ವಾಲ್ಪ್ರೋಯೇಟ್‌ನ ಅಪಾಯವಂತೂ ಅದಕ್ಕೂ ಹೆಚ್ಚಿನದು. ಹೀಗಿರುವಾಗ ತರುಣಿಯೊಬ್ಬಳು ಇವುಗಳಲ್ಲಿ 'ಸೋಲಲೇಬೇಕು' ಎನ್ನುವ ನಿಯಮ ವೈದ್ಯಕೀಯವಾಗಿ ತಪ್ಪು. ಹಾಗೆಂದು ಪ್ರತಿಕಾಯಗಳು ನಿರಪಾಯಕಾರಿ ಎಂದು ನಾನು ಹೇಳುತ್ತಿಲ್ಲ. ಎರೆನುಮ್ಯಾಬ್‌ನಿಂದ ತೀವ್ರ ಮಲಬದ್ಧತೆ ಉಂಟಾಗಬಹುದು, ರಕ್ತದೊತ್ತಡ ಏರಬಹುದು. ಸಿಜಿಆರ್‌ಪಿ ರಕ್ತನಾಳಗಳನ್ನು ಹಿಗ್ಗಿಸುವ ಪದಾರ್ಥವಾದ್ದರಿಂದ ಹೃದ್ರೋಗಿಗಳ ವಿಷಯದಲ್ಲಿ ಎಚ್ಚರ ಬೇಕು. ಎರೆನುಮ್ಯಾಬ್ ದೇಹದಿಂದ ಪೂರ್ತಿ ಹೊರಹೋಗಲು ತಿಂಗಳುಗಳೇ ಹಿಡಿಯುವುದರಿಂದ, ಗರ್ಭಧಾರಣೆಯ ಯೋಚನೆಯಿರುವವರು ಇದನ್ನೂ ಬಹಳ ಮುಂಚಿತವಾಗಿ ನಿಲ್ಲಿಸಬೇಕಾಗುತ್ತದೆ.

ಮತ್ತೊಂದು ಮಾತು. ದೀರ್ಘಕಾಲಿಕ ಮೈಗ್ರೇನ್‌ನೊಂದಿಗೆ ನಮ್ಮಲ್ಲಿಗೆ ಬರುವ ಅನೇಕರು ನೋವುನಿವಾರಕಗಳನ್ನು ಮಿತಿಮೀರಿ ನುಂಗುತ್ತಿರುತ್ತಾರೆ: ಮೈಗ್ರೇನ್ ದಾಳಿ ಬಂದಾಗ ನುಂಗುವ ಟ್ರಿಪ್ಟಾನ್‌ಗಳಾದರೆ ತಿಂಗಳಿಗೆ 10 ದಿನ, ಸಾಮಾನ್ಯ ಮಾತ್ರೆಗಳಾದರೆ 15 ದಿನ ತಲುಪಿ, ಮೂರು ತಿಂಗಳು ಮೀರಿ ಹಾಗೆಯೇ ನಡೆದರೆ ಆ ಮಾತ್ರೆಯೇ ತಲೆನೋವಿಗೆ ಕಾರಣವಾಗಬಹುದು. ಹೊಸದೋ ಹಳೆಯದೋ ಎಂದು ವಾದಿಸುವ ಮೊದಲು ಇದನ್ನು ಕೇಳಿ ತಿಳಿಯಬೇಕು.

ನರವಿಜ್ಞಾನ ವಿದ್ಯಾರ್ಥಿನಿ:
ಡಾಕ್ಟರೇ, ಹಾಗಿದ್ದರೆ ಮೊದಲು ಮಾತ್ರೆಗಳನ್ನು ಪೂರ್ತಿ ಬಿಡಿಸಬೇಕೇ? ಡೆನ್ಮಾರ್ಕಿನ 2020ರ ಪ್ರಯೋಗವು ಬಿಡಿಸುವುದು ಮತ್ತು ತಡೆ ಔಷಧ ಎರಡನ್ನೂ ಒಟ್ಟಿಗೆ ಮಾಡುವುದರ ಪರವಾಗಿದೆ. 720 ಮಂದಿಯನ್ನು ಒಳಗೊಂಡ ಅಮೆರಿಕದ 2022ರ ಪ್ರಯೋಗದಲ್ಲಾದರೋ, ಬೇರೆ ಮಾತ್ರೆಗೆ ಬದಲಾಯಿಸಿ ಮಿತಿ ಹಾಕಿದವರಿಗೂ ಹಳೆಯದನ್ನೇ ಮುಂದುವರಿಸಿದವರಿಗೂ, ತಡೆ ಔಷಧ ಜೊತೆಗಿದ್ದಾಗ, ಫಲಿತಾಂಶ ಹೆಚ್ಚುಕಡಿಮೆ ಒಂದೇ ಆಗಿತ್ತು.

ತಲೆನೋವು ಚಿಕಿತ್ಸಾಲಯದ ವೈದ್ಯೆ:
ಎರಡರಲ್ಲೂ ತಡೆ ಔಷಧ ಇದ್ದದ್ದನ್ನು ಗಮನಿಸಿ. ಬಿಡಲು ಸಿದ್ಧರಿರುವವರಿಗೆ ನಾನು ಬಿಡಿಸುತ್ತೇನೆ. ಆಗದವರನ್ನು ಅದೇ ಕಾರಣಕ್ಕೆ ತಡೆ ಔಷಧವಿಲ್ಲದೆ ಕಾಯಿಸುವುದಿಲ್ಲ. ಮಾದಕ ನೋವುನಿವಾರಕಗಳ ಮಾತು ಬೇರೆ, ಅವನ್ನು ವೈದ್ಯರ ನಿಗಾದಲ್ಲಿ ಇಳಿಸಲೇಬೇಕು.

ಹದಿಹರೆಯದವನ ತಾಯಿ:
ಮಕ್ಕಳಿಗೂ ಇದೇ ವಾದ ಅನ್ವಯಿಸುತ್ತದೆಯೇ?

ಸಂಖ್ಯಾಶಾಸ್ತ್ರ ಬೋಧಕ:
ಹಾಗೆಯೇ ಅನ್ವಯಿಸಬೇಡಿ, ತಾಯಿ. ಮಕ್ಕಳು ಮತ್ತು ಹದಿಹರೆಯದವರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಚಾಂಪ್ ಪ್ರಯೋಗದಲ್ಲಿ ತಲೆನೋವಿನ ದಿನಗಳು ಅರ್ಧದಷ್ಟಾದರೂ ಇಳಿದವರು ಅಮಿಟ್ರಿಪ್ಟಿಲಿನ್ ಗುಂಪಿನಲ್ಲಿ ಶೇ. 52, ಟೋಪಿರಾಮೇಟ್‌ನಲ್ಲಿ ಶೇ. 55, ಪ್ಲಸೀಬೊದಲ್ಲಿ ಶೇ. 61. ವಯಸ್ಕರ ಹಳೆಯ ಔಷಧಗಳು ಅಲ್ಲಿ ಪ್ಲಸೀಬೊಗಿಂತ ಮೇಲೆಂದು ತೋರಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಿತ್ತು. ಈ ಅಂಕಿಗಳನ್ನು ಬರೆಯುತ್ತಿರುವಾಗ ನನ್ನದೇ ವಾದದ ಒಂದು ಭಾಗ ಸಡಿಲವಾಗುತ್ತಿದೆ: ಹಳೆಯದೆಂಬ ಕಾರಣಕ್ಕೆ ಒಂದು ಔಷಧ ಸಾಬೀತಾದದ್ದು ಎಂದು ಭಾವಿಸುವಂತಿಲ್ಲ. ಬೆಲೆಯ ಪ್ರಶ್ನೆಯನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ.

ಟೋಪಿರಾಮೇಟ್ ಬಿಟ್ಟವಳು:
ಬೆಲೆಯೇ ತಮ್ಮ ಆತಂಕವಾದರೆ ನಿಯಮವನ್ನು ಬೇರೆ ಕಡೆ ಹಾಕಬಹುದು. ಹೊಸ ಔಷಧವನ್ನು ಮೊದಲೇ ಕೊಟ್ಟು, ರೋಗಿಯ ತಲೆನೋವಿನ ದಿನಚರಿಯನ್ನು ಮೂರರಿಂದ ಆರು ತಿಂಗಳಿಗೆ ಪರಿಶೀಲಿಸಿ, ಫಲ ಕಾಣದವರಿಗೆ ನಿಲ್ಲಿಸಲಿ. ಆರರಲ್ಲಿ ಒಬ್ಬರು ಯಾರೆಂದು ಕೊಡುವ ಮೊದಲೇ ತಿಳಿಸುವ ಪರೀಕ್ಷೆ ಇಂದು ಚಿಕಿತ್ಸಾಲಯಗಳಲ್ಲಿ ಇಲ್ಲ. ಸಂಶೋಧನೆಗೆ ಇಡುವ ಹಣ ಮೊದಲು ಅಲ್ಲಿಗೇ ಹೋಗಬೇಕೆಂಬುದು ನನ್ನ ಒತ್ತಾಯ.