ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯೂ 118ಡಿ: ತುಮಕೂರಲ್ಲಿ ಇಟ್ಟುಕೊಂಡು ಸಾಕಬಹುದಾ?

ಕೇಳಿದವರು: ಶೆಟ್ಟಿಹಳ್ಳಿ, ತುಮಕೂರು

2014ರ ಬಿಎಂಡಬ್ಲ್ಯೂ 118ಡಿ ಹ್ಯಾಚ್‌ಬ್ಯಾಕ್ ಒಂದು ನೋಡಿಟ್ಟಿದೀನಿ. 82,000 ಕಿ.ಮೀ. ಓಡಿದೆ, ಎರಡನೇ ಓನರ್, ಆರೂವರೆ ಲಕ್ಷ ಹೇಳ್ತಿದಾರೆ. ಅದೇ ವರ್ಷದ ಬೆಂಜ್ ಎ-ಕ್ಲಾಸ್ ಡೀಸೆಲ್ ಕೂಡ ಒಂದು ಸಿಗುತ್ತೆ. ವಾರಕ್ಕೆ ಮೂರು ದಿನ ಪೀಣ್ಯಕ್ಕೆ ಹೋಗಿ ಬರಬೇಕು. ಏನೇನು ಕೆಡುತ್ತೆ, ಎಷ್ಟು ಕೈ ಬಿಡುತ್ತೆ, ಅಡ್ವಾನ್ಸ್ ಕೊಡೋ ಮುಂಚೆ ಏನು ನೋಡಬೇಕು? ಗೊತ್ತಿರೋರು ದಯವಿಟ್ಟು ತಿಳಿಸಿ.

ಉತ್ತರ: ಅಂತರಸನಹಳ್ಳಿ, ತುಮಕೂರು

ಸರ್, 118ಡಿ ಅಂದ್ರೆ ಮೊದಲು ಟೈಮಿಂಗ್ ಚೈನ್ (ಇಂಜಿನ್ ಒಳಗೆ ವಾಲ್ವ್, ಪಿಸ್ಟನ್ ಓಡಾಟ ಒಂದಕ್ಕೊಂದು ಹೊಂದಿಸೋ ಸರಪಳಿ), ಮಿಕ್ಕಿದ್ದೆಲ್ಲ ಆಮೇಲೆ. ಆ ವರ್ಷದ ಗಾಡಿಗೆ ಎನ್47 ಇಂಜಿನ್ ಬರುತ್ತೆ, 143 ಎಚ್‌ಪಿದು. ಇದರ ಚೈನ್ ಮುಂದೆ ಪುಲ್ಲಿ ಕಡೆ ಇಲ್ಲ, ಹಿಂದೆ ಗೇರ್‌ಬಾಕ್ಸ್ ಕಡೆ ಇದೆ. ಚೈನ್ ಸವರಿಕೊಂಡು ಹೋಗೋ ಪ್ಲಾಸ್ಟಿಕ್ ಗೈಡ್ ಸವೆದು, ಟೆನ್ಷನರ್ ಬಿಗಿ ಕಳಕೊಂಡರೆ ಚೈನ್ ಜೋಲು ಬೀಳುತ್ತೆ. ಹಲ್ಲು ಹಾರಿದರೆ ಅಥವಾ ಚೈನ್ ತುಂಡಾದರೆ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತೆ, ಅಲ್ಲಿಗೆ ಇಂಜಿನ್ ಹೋದಂಗೆ. 2011ಕ್ಕೂ ಹಿಂದಿನ ಇಂಜಿನ್‌ಗಳಲ್ಲಿ ಈ ಕಾಟ ಜಾಸ್ತಿ. ನೀವು ನೋಡಿರೋದು ಆಮೇಲಿಂದು, ಹಾಗಂತ ನೋಡದೆ ಬಿಡೋ ಹಾಗಿಲ್ಲ.

ಪರೀಕ್ಷೆ ಹೀಗೆ ಮಾಡಿ. ಬೆಳಿಗ್ಗೆ ಹೋಗಿ. ಗಾಡಿ ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಮಾರೋರಿಗೆ ಹಿಂದಿನ ರಾತ್ರಿನೇ ಹೇಳಿರಿ. ಬಾನೆಟ್ ಮೇಲೆ ಕೈ ಇಟ್ಟಾಗ ತಣ್ಣಗಿರಬೇಕು. ಸ್ಟಾರ್ಟ್ ಮಾಡಿಸಿ ಬಾನೆಟ್‌ನ ಹಿಂದಿನ ಅಂಚಿನಲ್ಲಿ, ಗಾಜಿನ ಬುಡದಲ್ಲಿ ಕಿವಿ ಕೊಡಿ. ಡೀಸೆಲ್ಲಿನ ಸಹಜ ಕಟಕಟ ಸದ್ದು ಮುಂದಿನಿಂದ, ಮೇಲಿನಿಂದ ಬರುತ್ತೆ. ಹಿಂದಿನಿಂದ ಸರಪಳಿ ತಗಡಿಗೆ ಉಜ್ಜಿದ ಹಾಗೆ ಕರಕರ ಅಂತ ಕೇಳಿ, ಆಕ್ಸಿಲರೇಟರ್ 1,500-2,000 ಆರ್‌ಪಿಎಂಗೆ ಒತ್ತಿದಾಗ ಅದೂ ಜೊತೆಗೇ ಏರಿದರೆ ಆ ಗಾಡಿ ಬಿಟ್ಟುಬಿಡಿ. ಇಲ್ಲಾ, ಚೈನ್ ಖರ್ಚು ಪೂರ್ತಿ ರೇಟಿನಲ್ಲಿ ಇಳಿಸಿಕೊಳ್ಳಿ. ಗೇರ್‌ಬಾಕ್ಸ್ ಕೆಳಗೆ ಇಳಿಸದೆ ಈ ಕೆಲಸ ಆಗಲ್ಲ. ಹೊರಗಿನ ಒಳ್ಳೆ ವರ್ಕ್‌ಶಾಪಲ್ಲಿ ಒಂದರಿಂದ ಒಂದೂವರೆ ಲಕ್ಷ ಇಟ್ಟುಕೊಳ್ಳಿ, ಕಂಪನಿ ಸರ್ವಿಸ್ ಅಂದ್ರೆ ಅದಕ್ಕೂ ಮೇಲೆ.

ಟಾರ್ಚ್ ಹಿಡಿದು ಕ್ರ್ಯಾಂಕ್ ಪುಲ್ಲಿನೂ (ಇಂಜಿನ್ ಮುಂದಿನ ಬೆಲ್ಟ್ ತಿರುಗಿಸೋ ಚಕ್ರ) ನೋಡಿ. ಒಳಗಿನ ಕಬ್ಬಿಣದ ಗುಂಬಕ್ಕೂ ಹೊರಗಿನ ಬಳೆಗೂ ನಡುವೆ ರಬ್ಬರ್ ಇರುತ್ತೆ. ಅದರಲ್ಲಿ ಬಿರುಕು ಕಂಡರೆ, ಬಳೆ ಓರೆಯಾಗಿ ತಿರುಗಿದರೆ ತಡ ಮಾಡದೆ ಬದಲಾಯಿಸಬೇಕು, ಬೆಲ್ಟ್ ಸೇರಿ 20,000 ಆಸುಪಾಸು. ಬಿಟ್ಟರೆ ಬೆಲ್ಟ್ ಚಿಂದಿಯಾಗಿ, ಅದರ ಎಳೆ ಕ್ರ್ಯಾಂಕ್ ಸೀಲ್ ಒಳಕ್ಕೆ ನುಗ್ಗುತ್ತೆ.

ತಗೊಂಡ ಮೇಲೆ ಆಯಿಲ್ ವಿಚಾರ. ಮೀಟರಲ್ಲಿ ಸರ್ವಿಸ್ ಇನ್ನೂ ದೂರ ಇದೆ ಅಂತ ತೋರಿಸ್ತಾನೇ ಇರುತ್ತೆ, ಅದಕ್ಕೆ ಕಾಯಬೇಡಿ. 8,000-10,000 ಕಿ.ಮೀ.ಗೆ ಒಂದು ಸಲ 5ಡಬ್ಲ್ಯೂ-30, ಎಲ್‌ಎಲ್-04 ಅನ್ನೋ ಬಿಎಂಡಬ್ಲ್ಯೂ ಗ್ರೇಡ್ ಆಯಿಲ್, 5.2 ಲೀಟರ್, ಫಿಲ್ಟರ್ ಸಮೇತ. ಈ ಚೈನ್‌ನ ಆಯಸ್ಸು ಇರೋದೇ ಆಯಿಲ್ ಮೇಲೆ.

ಉತ್ತರ: ಕೋಲಾರ

ಮೇಲಿನವರು ಚೈನ್ ಸರಿಯಾಗಿ ಹೇಳಿದಾರೆ. ನಾನು ಕೂಲೆಂಟ್ ಸೇರಿಸ್ತೀನಿ. ನಮ್ಮ ಕಡೆ ಗಾಡಿಗಳನ್ನ ಅರ್ಧ ಕೆಡಿಸೋದೇ ಬೋರ್ ನೀರು. ಕೂಲೆಂಟ್ ಕಮ್ಮಿ ಆಯ್ತು ಅಂತ ಪಂಪ್‌ಸೆಟ್ ನೀರು ಸುರೀತಾರೆ, ಅದರ ಸುಣ್ಣದಂಶ ರೇಡಿಯೇಟರ್ ಒಳಗೆ, ಥರ್ಮೋಸ್ಟಾಟ್ (ಇಂಜಿನ್ ಬಿಸಿಗೆ ತಕ್ಕ ಹಾಗೆ ಕೂಲೆಂಟ್ ಬಿಡೋ ವಾಲ್ವ್) ಮೇಲೆ ಬಿಳಿ ಪದರ ಕಟ್ಟುತ್ತೆ. ತಣ್ಣಗಿರುವಾಗ ಟ್ಯಾಂಕ್ ಮುಚ್ಚಳ ತೆಗೆದು ನೋಡಿ: ನೀಲಿ ಇದ್ದರೆ ಸರಿ. ಹಸಿರು, ಕಂದು, ಅಥವಾ ಬರೀ ನೀರಿನ ಬಣ್ಣ ಇದ್ದರೆ ಪೂರ್ತಿ ಫ್ಲಶ್ ಮಾಡಿಸಿ, ಬಿಎಂಡಬ್ಲ್ಯೂ ನೀಲಿ ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಹಾಕಿಸಬೇಕು.

ಕೆಳಗೆ ಎಲ್ಲೂ ತೊಟ್ಟಿಕ್ಕದೆ ಕೂಲೆಂಟ್ ಇಳೀತಾ ಇದ್ದರೆ ಇಜಿಆರ್ ಕೂಲರ್ (ಇಂಜಿನ್‌ಗೆ ವಾಪಸ್ ಹೋಗೋ ಹೊಗೆಯನ್ನ ತಣ್ಣಗೆ ಮಾಡೋ ಭಾಗ) ಮೇಲೆ ಅನುಮಾನ ಪಡಿ. ಒಳಗೊಳಗೇ ಸೋರಿದ ಕೂಲೆಂಟ್ ಮಸಿ ಜೊತೆ ಸೇರಿ ಅಂಟಂಟಾಗುತ್ತೆ, ಅತಿ ಬಿಸಿಗೆ ಅದು ಕೆಂಡವಾಗಿ ಪ್ಲಾಸ್ಟಿಕ್ ಇನ್‌ಟೇಕ್ ಕರಗಿಸಿರೋ ಉದಾಹರಣೆ ಇದೆ. ಈ ಭಾಗಕ್ಕೇ 2018ರಲ್ಲಿ ಬಿಎಂಡಬ್ಲ್ಯೂ ಹಲವು ದೇಶಗಳಲ್ಲಿ ರೀಕಾಲ್ ಮಾಡಿತ್ತು. ನೀವು ನೋಡಿರೋ ಗಾಡಿಯ ಚಾಸಿ ನಂಬರ್ ಕೊಟ್ಟು ಕಂಪನಿ ಸರ್ವಿಸಲ್ಲಿ ಏನಾದರೂ ಬಾಕಿ ಇದೆಯಾ ಕೇಳಿ.

ಥರ್ಮೋಸ್ಟಾಟ್ ಪರೀಕ್ಷೆ ಸುಲಭ. ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ಓದೋ ಸಾಧನ) ಹಾಕಿ ಹೈವೇಲಿ 20 ನಿಮಿಷ ಓಡಿಸಿ. ಇಂಜಿನ್ ಬಿಸಿ 85 ಡಿಗ್ರಿ ದಾಟದೆ 70-75ರಲ್ಲೇ ನಿಂತರೆ ಅದು ತೆರೆದುಕೊಂಡೇ ಸಿಕ್ಕಿಕೊಂಡಿದೆ ಅಂತ. ರಿಪೇರಿ 12,000-18,000. ದೊಡ್ಡ ಖರ್ಚಲ್ಲ, ಆದರೆ ಇಂಜಿನ್ ಬಿಸಿಯಾಗದೆ ಓಡಿದರೆ ಮೈಲೇಜ್ ಬೀಳುತ್ತೆ, ಮಸಿ ಕಟ್ಟುತ್ತೆ.

ಉತ್ತರ: ಚಿಕ್ಕಬಳ್ಳಾಪುರ

ಎ-ಕ್ಲಾಸ್ ಬಗ್ಗೆ ಯಾರೂ ಹೇಳಿಲ್ಲ. ಅದರ ಹೆದರಿಕೆ ಇಂಜಿನ್‌ಗಿಂತ ಗೇರ್‌ಬಾಕ್ಸ್‌ದು. 7ಜಿ-ಡಿಸಿಟಿ ಅನ್ನೋ ಏಳು ಗೇರಿನ ಆಟೋಮ್ಯಾಟಿಕ್, ಆಯಿಲಲ್ಲಿ ಮುಳುಗಿರೋ ಎರಡು ಕ್ಲಚ್. ತಣ್ಣಗಿದ್ದಾಗ ಎಲ್ಲ ಗಾಡಿನೂ ಚೆನ್ನಾಗೇ ಓಡುತ್ತೆ. ನೀವು ತುಮಕೂರಲ್ಲಿದೀರ, ದೇವರಾಯನದುರ್ಗ ಹತ್ತಿಸಿ. ಇಂಜಿನ್ ಬಿಸಿಯಾದ ಮೇಲೆ ಏರಿನಲ್ಲಿ ನಿಲ್ಲಿಸಿ, ನಿಧಾನಕ್ಕೆ ಎತ್ತಿ, ಹಿಂಗೆ ಐದಾರು ಸಲ. ಒಂದರಿಂದ ಎರಡಕ್ಕೆ ಹೋಗುವಾಗ ನಡುಗಿದರೆ, ರಿವರ್ಸ್ ತಡವಾಗಿ ಕೂತರೆ, ಮೀಟರಲ್ಲಿ ಗೇರ್ ಬದಲಿಸದೆ ವರ್ಕ್‌ಶಾಪ್‌ಗೆ ಹೋಗಿ ಅಂತ ಬಂದರೆ ಕೈ ಮುಗಿದು ವಾಪಸ್ ಬನ್ನಿ. ಒಳಗಿನ ಕಂಟ್ರೋಲ್ ಬೋರ್ಡಲ್ಲೇ ಸ್ಪೀಡ್ ಸೆನ್ಸರ್ ಕೂತಿರುತ್ತೆ, ಅದು ಕೆಟ್ಟರೆ ಬೋರ್ಡ್ ಪೂರ್ತಿ ಬದಲಾಯಿಸಬೇಕು. ಗುಜರಿಯಿಂದ ತಂದ ಬೋರ್ಡ್ ಹಾಗೇ ಹಾಕಿದರೆ ಕೆಲಸ ಮಾಡಲ್ಲ, ಆ ಚಾಸಿಗೆ ಕೋಡಿಂಗ್ ಆಗಬೇಕು. ಎಲ್ಲ ಸೇರಿ ಒಂದೂವರೆಯಿಂದ ಮೂರು ಲಕ್ಷ. ಜೊತೆಗೆ ಗಾಡಿ ತಗ್ಗು, ಹಳ್ಳಿ ಹಂಪ್‌ಗಳಿಗೆ ಹೊಟ್ಟೆ ಉಜ್ಜುತ್ತೆ.

ಎರಡರಲ್ಲಿ ಒಂದು ಅಂದ್ರೆ, ಚೈನ್ ಸರಿ ಇರೋ 118ಡಿಗೇ ನನ್ನ ಮತ. ಅದರ ಝೆಡ್‌ಎಫ್ 8 ಸ್ಪೀಡ್ ಗೇರ್‌ಬಾಕ್ಸ್ ಗಟ್ಟಿ. ಲೈಫ್‌ಟೈಮ್ ಆಯಿಲ್ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಗೇರ್‌ಬಾಕ್ಸ್ ಮಾಡೋ ಝೆಡ್‌ಎಫ್‌ನವರೇ 80,000-1,20,000 ಕಿ.ಮೀ. ಒಳಗೆ ಬದಲಾಯಿಸಿ ಅಂತಾರೆ. ನಿಮ್ಮ ಗಾಡಿಗೆ ಈಗಲೇ ಸಮಯ. ಫಿಲ್ಟರ್ ಪ್ಯಾನಿನ ಜೊತೆಗೇ ಬರುತ್ತೆ, ಸುಮಾರು 7 ಲೀಟರ್ ಆಯಿಲ್, ಒಟ್ಟು 30,000-45,000. ಲೆವೆಲ್ ನೋಡೋವಾಗ ಇಂಜಿನ್ ಓಡ್ತಿರಬೇಕು, ಗೇರ್ ಆಯಿಲ್ ಬಿಸಿ 30ರಿಂದ 50 ಡಿಗ್ರಿ ಒಳಗಿರಬೇಕು. ಸ್ಕ್ಯಾನರ್ ಇಲ್ಲದೆ ಅಂದಾಜಲ್ಲಿ ತುಂಬಿಸೋರ ಹತ್ತಿರ ಬಿಡಬೇಡಿ.

ಉತ್ತರ: ಕ್ಯಾತಸಂದ್ರ, ತುಮಕೂರು

ಟೈರ್ ಮರೀಬೇಡಿ. 118ಡಿಗೆ ಸ್ಟೆಪ್ನಿ ಇಲ್ಲ, ರನ್‌ಫ್ಲಾಟ್ ಟೈರ್. ಪಂಕ್ಚರ್ ಆದರೂ ಗಂಟೆಗೆ 80ರಲ್ಲಿ ಸುಮಾರು 80 ಕಿ.ಮೀ. ಓಡುತ್ತೆ, ಬೆಂಗಳೂರಿಗೆ 70 ಕಿ.ಮೀ. ಅಂದ್ರೆ ನಿಮ್ಮ ದಾರಿಗೆ ಸಾಕು. ಒಂದಕ್ಕೆ 12,000-18,000. ಮಾಮೂಲಿ ಟೈರ್ ಅರ್ಧ ಬೆಲೆಗೆ ಸಿಗುತ್ತೆ, ಮೆತ್ತಗೂ ಇರುತ್ತೆ, ಆದರೆ ಹವಾ ಪಂಪ್, ಪಂಕ್ಚರ್ ಕಿಟ್ ಡಿಕ್ಕೀಲಿ ಇಡಲೇಬೇಕು. ಸೈಡ್‌ವಾಲಲ್ಲಿ ಉಬ್ಬು ಇದೆಯಾ ಅಂತ ಒಳಬದಿಗೂ ಕೈ ಆಡಿಸಿ. ಬ್ಯಾಟರಿ ಬದಲಾಯಿಸಿದರೆ ಸ್ಕ್ಯಾನರಲ್ಲಿ ರಿಜಿಸ್ಟರ್ ಮಾಡಿಸಿ. ಇಲ್ಲದಿದ್ದರೆ ಹಳೇ ಬ್ಯಾಟರಿ ಅಂದುಕೊಂಡೇ ಚಾರ್ಜ್ ಮಾಡ್ತಾ ಹೊಸದನ್ನೂ ಬೇಗ ಕೆಡಿಸುತ್ತೆ.

ನಂಬರ್ ಕೆಎ-06 ಅಲ್ಲದೆ ದೆಹಲಿದಾಗಿದ್ದರೆ ಹುಷಾರು. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಇದ್ದಿದ್ದರಿಂದ ಅಗ್ಗಕ್ಕೆ ಇಲ್ಲಿಗೆ ಬರ್ತಿದ್ದವು. ಎನ್‌ಒಸಿ ತಂದು ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟೋ ಹೊತ್ತಿಗೆ ಲಕ್ಷ ದಾಟುತ್ತೆ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಂಬರ್ ಕೆಎ-06. ಚೈನ್ 70,000 ಕಿ.ಮೀ.ಗೆ ಮಾಡಿಸಿದೀವಿ ಅಂತಿದಾರೆ. ಅದನ್ನ ಹೆಂಗೆ ಖಾತ್ರಿ ಮಾಡ್ಕೊಳ್ಳೋದು?

ಉತ್ತರ: ಅಂತರಸನಹಳ್ಳಿ, ತುಮಕೂರು

ಬಿಲ್ ಕೇಳಿ ಸರ್, ಬಾಯಿ ಮಾತು ಬೇಡ. ಮೇಲಿನ ಚೈನ್, ಕೆಳಗಿನ ಚೈನ್, ಆಯಿಲ್ ಪಂಪ್ ಚೈನ್, ಗೈಡ್‌ಗಳು, ಟೆನ್ಷನರ್, ಗೇರ್‌ಬಾಕ್ಸ್ ಕಡೆಯ ಕ್ರ್ಯಾಂಕ್ ಸೀಲ್ ಬೇರೆ ಬೇರೆ ಸಾಲಲ್ಲಿ ಪಾರ್ಟ್ ನಂಬರ್ ಸಮೇತ ಇರಬೇಕು. ಗೇರ್‌ಬಾಕ್ಸ್ ಇಳಿಸಿ ಏರಿಸಿದ ಕೂಲಿನೂ ಇರಬೇಕು. ಬರೀ ಮೇಲಿನ ಚೈನು, ಟೆನ್ಷನರ್ ಅಂತ ಇದ್ದರೆ ಅರ್ಧ ಕೆಲಸ ಮಾಡಿಸಿದಾರೆ ಅಂತ, ಕೆಳಗಿನದು ಹಳೇದೇ. ಬಿಲ್ ಮೇಲಿನ ಚಾಸಿ ನಂಬರಿನ ಕೊನೆಯ ಏಳು ಅಕ್ಷರ ಆರ್‌ಸಿಗೆ ತಾಳೆ ನೋಡಿ. ಬಿಲ್ ಇಲ್ಲ ಅಂದ್ರೆ ಚೈನ್ ಆಗಿಲ್ಲ ಅಂತಲೇ ಲೆಕ್ಕ ಹಾಕಿ, ಐದು ಲಕ್ಷದ ಮೇಲೆ ಮಾತಾಡಬೇಡಿ.